ಒಬ್ಬನೇ ರೋಗಿ, ಎರಡು ಬಾಗಿಲು

ಮಾನ್ಯ ಸಂಪಾದಕರೇ,

ಮೇ 24ರ ವಿಶ್ವ ಸ್ಕಿಜೋಫ್ರೀನಿಯಾ ದಿನದ ಅಂಗವಾಗಿ ನಮ್ಮ ಜಿಲ್ಲೆಯಲ್ಲಿ ನಡೆದ ಜಾಗೃತಿ ಜಾಥಾದ ಸುದ್ದಿಯೂ ಚಿತ್ರವೂ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿದ್ದವು. ಇನ್ನು ಕೆಲವೇ ದಿನಗಳಲ್ಲಿ, ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನದ ಜಾಥಾ ನಡೆಯುತ್ತದೆ. ಅದರ ಸುದ್ದಿಯೂ ಬರುತ್ತದೆ. ಒಂದಕ್ಕೆ ಒಂದು ಇಲಾಖೆಯ ಬ್ಯಾನರ್, ಇನ್ನೊಂದಕ್ಕೆ ಇನ್ನೊಂದು ಇಲಾಖೆಯದು. ವೇದಿಕೆಯ ಮೇಲೆ ಕೂರುವವರೂ ಬೇರೆ ಬೇರೆ. ನಮ್ಮ ಮನೆಯಲ್ಲಿ ಮಾತ್ರ ಈ ಎರಡೂ ದಿನಗಳು ಒಬ್ಬನೇ ಮನುಷ್ಯನಿಗೆ ಸೇರಿದವು. ಅವನು ನನ್ನ ತಮ್ಮ. ಅವನ ಕಾರಣದಿಂದ ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಾನು ಕಂಡುಂಡದ್ದನ್ನು ತಮ್ಮ ಓದುಗರ ಮುಂದೆ, ಅದಕ್ಕಿಂತ ಮುಖ್ಯವಾಗಿ ಆರೋಗ್ಯ ಇಲಾಖೆಯವರ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ತಮ್ಮನಿಗೆ ಈಗ 49 ವರ್ಷ. 24ನೆಯ ವಯಸ್ಸಿನಲ್ಲಿ, ಮುದ್ರಣಾಲಯವೊಂದರಲ್ಲಿ ಡಿಟಿಪಿ ಕೆಲಸ ಮಾಡುತ್ತಿದ್ದಾಗ, ಅವನಿಗೆ ಸ್ಕಿಜೋಫ್ರೀನಿಯಾ ಕಾಣಿಸಿಕೊಂಡಿತು. ಮದುವೆಯ ಕರೆಯೋಲೆಗಳ ಅಕ್ಷರಗಳ ನಡುವೆ ತನ್ನನ್ನು ಹೀಯಾಳಿಸುವ ಸಂದೇಶಗಳನ್ನು ಯಾರೋ ಸೇರಿಸುತ್ತಿದ್ದಾರೆ ಎಂಬ ಅನುಮಾನದಿಂದ ಶುರುವಾದದ್ದು, ಯಾರೂ ಇಲ್ಲದ ಕೋಣೆಯಲ್ಲಿ ಧ್ವನಿಗಳು ಕೇಳಿಸುವ ಮಟ್ಟಕ್ಕೆ ಹೋಯಿತು. ಗಾಳಿ ಸೋಕಿದೆ ಎಂದು ನಮ್ಮ ತಾಯಿ ತಾಯಿತ, ಹರಕೆ ಎಂದೆಲ್ಲ ಓಡಾಡಿದ್ದರಲ್ಲಿ ಎರಡು ವರ್ಷ ಕಳೆಯಿತು. ಆಮೇಲೆ ಸಿಕ್ಕ ಮಾತ್ರೆಗಳಿಂದ ಧ್ವನಿಗಳು ಬಹುಮಟ್ಟಿಗೆ ತಗ್ಗಿದವು. ಆದರೆ ಅಷ್ಟರಲ್ಲಿ ಕೆಲಸ ಹೋಗಿತ್ತು, ನಿಶ್ಚಯವಾಗಿದ್ದ ಮದುವೆ ಮುರಿದಿತ್ತು, ಜೊತೆಯವರು ದೂರ ಸರಿದಿದ್ದರು. ಬೀಡಿ ಮೊದಲಿನಿಂದಲೂ ಇತ್ತು. ಈಗ ದಿನಕ್ಕೆ ಒಂದು ಕಟ್ಟು ಸಾಲದಾಯಿತು. ಅವನ ಬಲಗೈಯ ಎರಡು ಬೆರಳುಗಳ ತುದಿಯಲ್ಲಿ ಸುಟ್ಟ ಕಲೆಗಳಿವೆ. ಮಾತ್ರೆಯ ಮಂಪರಿನಲ್ಲಿ ಬೀಡಿ ಬೆರಳಿನವರೆಗೆ ಉರಿದು ಬಂದರೂ ಅವನಿಗೆ ತಿಳಿಯುತ್ತಿರಲಿಲ್ಲ. ನಾಲ್ಕನೆಯ ವರ್ಷ ಕುಡಿತವೂ ಸೇರಿಕೊಂಡಿತು. ಏಕೆ ಕುಡಿಯುತ್ತೀಯ ಎಂದು ಅತ್ತು, ಬೈದು, ಆಣೆ ಹಾಕಿಸಿ ಕೇಳಿದ್ದೇನೆ. ಒಮ್ಮೆ ಮಾತ್ರ ಅವನು ಸಮಾಧಾನವಾಗಿ ಉತ್ತರ ಕೊಟ್ಟ: ‘ಕುಡಿದ್ರೆ ನಿದ್ದೆ ಬರುತ್ತೆ ಅಕ್ಕ. ಅಲ್ಲಿ ಪಕ್ಕದಲ್ಲಿ ಕೂತೋರು ನನ್ನನ್ನ ಏನೂ ಕೇಳೋದಿಲ್ಲ.’ ಊರಿನಲ್ಲಿ ಅವನ ಪಕ್ಕದಲ್ಲಿ ಜನ ಕೂರುತ್ತಿದ್ದ ಜಾಗ ಅದೊಂದೇ ಆಗಿತ್ತು ಎಂಬುದು ನನಗೆ ಹೊಳೆಯಲು ಬಹಳ ವರ್ಷ ಬೇಕಾದವು.

ಆಸ್ಪತ್ರೆಗೆ ಹೋದರೆ ಮನೋರೋಗ ವಿಭಾಗದಲ್ಲಿ, ‘ಮೊದಲು ಕುಡಿತ ಬಿಡಿಸಿಕೊಂಡು ಬನ್ನಿ, ಕುಡಿಯುತ್ತಿರುವಾಗ ಮಾತ್ರೆ ಕೊಟ್ಟು ಪ್ರಯೋಜನವಿಲ್ಲ’ ಎಂದರು. ವ್ಯಸನಮುಕ್ತಿ ಕೇಂದ್ರಕ್ಕೆ ಕರೆದುಕೊಂಡು ಹೋದಾಗ, ಹಳೆಯ ಚೀಟಿಯಲ್ಲಿ ಸ್ಕಿಜೋಫ್ರೀನಿಯಾ ಎಂದು ಬರೆದಿದ್ದನ್ನು ನೋಡಿ, ‘ಇಂಥವರನ್ನು ಇಟ್ಟುಕೊಳ್ಳುವುದಿಲ್ಲ, ತಲೆ ಸರಿಯಾದ ಮೇಲೆ ಬನ್ನಿ’ ಎಂದರು. ಒಂದು ವರ್ಷದಲ್ಲಿ ಆರು ಸಲ ಹೀಗೆ ಎರಡು ಬಾಗಿಲುಗಳ ನಡುವೆ ಓಡಾಡಿದ್ದೇವೆ. ಆ ವೈದ್ಯರನ್ನು ದೂಷಿಸುವ ಮನಸ್ಸು ನನಗಿಲ್ಲ. ನಮ್ಮ ಟೋಕನ್ ಸಂಖ್ಯೆ 87 ಆಗಿದ್ದ ದಿನ ಒಳಗಿದ್ದವರು ಒಬ್ಬರೇ ವೈದ್ಯರು. ಮಧ್ಯಾಹ್ನ ಮೂರಾದರೂ ಅವರು ಊಟಕ್ಕೆ ಎದ್ದಿರಲಿಲ್ಲ. ನನ್ನ ಆಕ್ಷೇಪ ಇರುವುದು ವ್ಯವಸ್ಥೆಯನ್ನು ಹೀಗೆ ಎರಡಾಗಿ ಸೀಳಿರುವುದರ ಬಗ್ಗೆ.

‘ಮೊದಲು ನಿಲ್ಲಿಸಿ, ಆಮೇಲೆ ಬನ್ನಿ’ ಎಂಬ ಮಾತು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅದು ಅಪಾಯದ ಮಾತು. ಪ್ರತಿದಿನ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಕೈಕಾಲು ನಡುಕ, ಫಿಟ್ಸ್, ದಿಕ್ಕು ತಪ್ಪಿದ ಗೊಂದಲ, ಇಲ್ಲದ್ದು ಕಾಣುವುದು, ಕೇಳುವುದು ಎಲ್ಲವೂ ಬರಬಹುದು, ಪ್ರಾಣವೂ ಹೋಗಬಹುದು. ಅಂಥ ಸ್ಥಿತಿಯಲ್ಲಿರುವ ಸ್ಕಿಜೋಫ್ರೀನಿಯಾ ರೋಗಿಗೆ ಕೇಳಿಸುತ್ತಿರುವ ಧ್ವನಿ ಹಳೆಯ ಕಾಯಿಲೆಯದೋ, ಕುಡಿತ ನಿಂತದ್ದರಿಂದ ಬಂದದ್ದೋ ಎಂದು ಹೇಳಲು ತಜ್ಞರೇ ಬೇಕು, ಕೋಣೆಗೆ ಕೂಡಿಹಾಕಿ ಬಾಗಿಲ ಹೊರಗೆ ಕಾಯುವ ಮನೆಯವರಿಂದ ಆಗುವ ಕೆಲಸವಲ್ಲ. ಎರಡೂ ಕಾಯಿಲೆ ಒಂದೇ ತಲೆಯೊಳಗೆ ಇರುವಾಗ ಒಂದನ್ನು ಬಿಟ್ಟು ಇನ್ನೊಂದಕ್ಕೆ ಔಷಧ ಕೊಡುವುದು ಹೇಗೆ ಸಾಧ್ಯ?

ಕಾನೂನು ಈ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿದೆ. ಸಂಸತ್ತು ಅಂಗೀಕರಿಸಿದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿಯೇ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಸೇರಿಸಿದೆ. ಅದರ 18ನೆಯ ಕಲಮು ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕೆಂದು ಹೇಳುತ್ತದೆ. ಆಸ್ಪತ್ರೆಯ ಜೊತೆಗೆ, ಬಿಡುಗಡೆಯಾದವರು ಕೆಲಕಾಲ ಉಳಿಯುವ ಪುನರ್ವಸತಿ ಮನೆಗಳು, ಆಸರೆಯ ವಸತಿಗಳು ಸರ್ಕಾರದ ಹೊಣೆ ಎಂದೂ ಹೇಳುತ್ತದೆ. ಕಾಯ್ದೆ 2018ರಿಂದ ಜಾರಿಯಲ್ಲಿದೆ. ಆಡಳಿತ ಮಾತ್ರ ಹಳೆಯ ಜಾಡಿನಲ್ಲಿಯೇ ನಡೆಯುತ್ತಿದೆ. ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನೋಡಿಕೊಳ್ಳುವುದು ಕೇಂದ್ರ ಆರೋಗ್ಯ ಸಚಿವಾಲಯ. ವ್ಯಸನಿಗಳ ಪುನರ್ವಸತಿ ಕೇಂದ್ರಗಳಿಗೆ ಅನುದಾನ ಕೊಡುವುದು, 2020ರಲ್ಲಿ ಆರಂಭವಾದ ನಶಾ ಮುಕ್ತ ಭಾರತ ಅಭಿಯಾನವನ್ನು ನಡೆಸುವುದು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ. ದೆಹಲಿಯಲ್ಲಿ ಕಡತಗಳು ಬೇರೆ ಬೇರೆ ಇರುವುದರಿಂದ ತಾಲ್ಲೂಕಿನಲ್ಲಿ ರೋಗಿ ಇಬ್ಭಾಗವಾಗಬೇಕಾಗಿಲ್ಲ.

ಇಂಥ ರೋಗಿಗಳು ಅಪರೂಪದವರೂ ಅಲ್ಲ. ಅಮೆರಿಕದಲ್ಲಿ 1980ರ ದಶಕದಲ್ಲಿ ನಡೆದು 1990ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ, ಸ್ಕಿಜೋಫ್ರೀನಿಯಾ ಇದ್ದವರಲ್ಲಿ ಶೇ 47ರಷ್ಟು ಜನರಿಗೆ ಜೀವನದ ಯಾವುದೋ ಹಂತದಲ್ಲಿ ಮದ್ಯ ಅಥವಾ ಮಾದಕ ವಸ್ತುವಿನ ಸಮಸ್ಯೆ ಇದ್ದದ್ದು ಕಂಡುಬಂದಿತ್ತು. ನಮ್ಮ ದೇಶದಲ್ಲಿ ತಂಬಾಕು ಮುಂದು, ಅದರ ಹಿಂದೆ ಮದ್ಯ ಮತ್ತು ಗಾಂಜಾ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸ್ಕಿಜೋಫ್ರೀನಿಯಾದಂಥ ತೀವ್ರ ಮನೋರೋಗ ಇದ್ದವರಲ್ಲಿ ಶೇ 75.5ರಷ್ಟು, ಮದ್ಯದ ಸಮಸ್ಯೆ ಇದ್ದವರಲ್ಲಿ ಶೇ 86.3ರಷ್ಟು, ತಂಬಾಕಿನ ಸಮಸ್ಯೆ ಇದ್ದವರಲ್ಲಿ ಶೇ 91.8ರಷ್ಟು ಜನ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ. ಮೂರೂ ಒಟ್ಟಿಗೆ ಇರುವವನ ಪಾಡೇನು ಎಂಬುದನ್ನು ಈ ಅಂಕಿಗಳಿಂದ ಊಹಿಸಿಕೊಳ್ಳಬೇಕು.

ಬೀಡಿಯ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಅನೇಕ ಮನೆಗಳಿಗೆ ಈಗಲೂ ತಿಳಿದಿರಲಾರದು. ಒಮ್ಮೆ ತಮ್ಮನನ್ನು ಒಂದು ತಿಂಗಳು ಒಳರೋಗಿಯಾಗಿ ಇರಿಸಿಕೊಂಡಿದ್ದರು. ವಾರ್ಡಿನಲ್ಲಿ ಬೀಡಿಗೆ ಅವಕಾಶವಿರಲಿಲ್ಲ. ಓಲಾಂಜಪಿನ್ ಮಾತ್ರೆಯಲ್ಲಿ ಅವನು ಎಷ್ಟು ಚೆನ್ನಾಗಿ ಚೇತರಿಸಿಕೊಂಡನೆಂದರೆ, ಮನೆಗೆ ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಅಂಗಡಿ ಫಲಕಗಳ ಕಾಗುಣಿತದ ತಪ್ಪುಗಳನ್ನು ನನಗೆ ತೋರಿಸುತ್ತಾ ಬಂದ. ಮನೆಗೆ ಬಂದವನೇ ಬೀಡಿ ಹಚ್ಚಿದ. ಮೂರೇ ವಾರಗಳಲ್ಲಿ ಧ್ವನಿಗಳು ಮರಳಿದವು. ಒಂದು ಮಾತ್ರೆಯನ್ನೂ ತಪ್ಪಿಸದೆ ನನ್ನ ಕೈಯಾರೆ ಕೊಟ್ಟಿದ್ದೆ. ಆದರೂ ಆಸ್ಪತ್ರೆಯಲ್ಲಿ, ‘ಮಾತ್ರೆ ಸರಿಯಾಗಿ ಕೊಟ್ಟಿಲ್ಲ’ ಎಂದು ಬೈಸಿಕೊಂಡೆ. ಕಾರಣ ಹೇಳಿದವರು ವರ್ಷಗಳ ನಂತರ ಸಿಕ್ಕ ಒಬ್ಬ ಯುವ ವೈದ್ಯೆ. ಬೀಡಿ, ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತವೆ. ಓಲಾಂಜಪಿನ್, ಕ್ಲೋಜಪಿನ್‌ನಂಥ ಔಷಧಗಳನ್ನು ಆ ಕಿಣ್ವ ಬೇಗ ಬೇಗ ಕರಗಿಸಿ ಹೊರಹಾಕುತ್ತದೆ. ಹೀಗಾಗಿ ಹೊಗೆ ಸೇದದ ವಾರ್ಡಿನಲ್ಲಿ ಸಾಕಾಗಿದ್ದ ಪ್ರಮಾಣ ಹೊಗೆ ಸೇದುವ ಮನೆಯಲ್ಲಿ ಸಾಲದಾಗುತ್ತದೆ. ಬೀಡಿಯನ್ನು ಒಮ್ಮೆಲೇ ಬಿಟ್ಟರೆ ಇದರ ತಿರುವುಮುರುವು: ಅದೇ ಮಾತ್ರೆ ರಕ್ತದಲ್ಲಿ ಏರಿ, ರೋಗಿ ದಿನವಿಡೀ ತೂಕಡಿಸುತ್ತಾನೆ. ಆದ್ದರಿಂದ ಬೀಡಿ ಹೆಚ್ಚಾದರೂ ಕಡಿಮೆಯಾದರೂ ವೈದ್ಯರಿಗೆ ತಿಳಿಸಬೇಕು, ಪ್ರಮಾಣವನ್ನು ಅವರೇ ಹೊಂದಿಸಬೇಕು. ಬಿಡುಗಡೆಯ ಚೀಟಿಯಲ್ಲಿ ಕನ್ನಡದಲ್ಲಿ ಎರಡು ಸಾಲು ಬರೆದಿದ್ದರೆ ಸಾಕಿತ್ತು. ಆ ಎರಡು ಸಾಲು ಇಲ್ಲದ್ದರಿಂದ ನಮ್ಮ ಮನೆಯಲ್ಲಿ ಎರಡು ವರ್ಷ ಹೋದವು.

ಈಗ ಬರೆಯುವುದು ನನ್ನದೇ ತಪ್ಪು. ‘ಕುಡುಕರಿಗೆ ತಿಳಿಯದಂತೆ ಕುಡಿತ ಬಿಡಿಸಿ’ ಎಂಬ ಜಾಹೀರಾತುಗಳನ್ನು ತಮ್ಮ ಓದುಗರೆಲ್ಲರೂ ನೋಡಿರುತ್ತಾರೆ. ಎಲ್ಲ ಬಾಗಿಲುಗಳೂ ಮುಚ್ಚಿದ ಮೇಲೆ ನಾನೂ ಅಂಥ ಒಂದು ಜಾಹೀರಾತಿನಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿ ಪುಡಿಯ ಪೊಟ್ಟಣಗಳನ್ನು ತರಿಸಿದೆ. ಅದರಲ್ಲಿ ಏನಿತ್ತೋ ಇವತ್ತಿಗೂ ತಿಳಿಯದು. ಪೊಟ್ಟಣದ ಮೇಲೆ ಏನನ್ನೂ ಬರೆದಿರಲಿಲ್ಲ. ಹೇಳಿದಂತೆ ರಾತ್ರಿಯ ಸಾರಿಗೆ ಬೆರೆಸಿದೆ. ಮೂರನೆಯ ದಿನ ಕುಡಿದು ಬಂದು ಊಟ ಮಾಡಿದವನಿಗೆ ಮುಖವೆಲ್ಲ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಆಟೊದಲ್ಲಿ ಹಾಕಿಕೊಂಡು ಓಡಬೇಕಾಯಿತು. ಕುಡಿತ ಬಿಡಿಸಲು ವೈದ್ಯರೇ ಕೊಡುವ ಡೈಸಲ್ಫಿರಾಮ್ ಎಂಬ ಔಷಧವನ್ನೂ ರೋಗಿಯ ಒಪ್ಪಿಗೆ ಇಲ್ಲದೆ, ಅದರ ಅಪಾಯವನ್ನು ವಿವರಿಸದೆ ಕೊಡಬಾರದು. ಮನೋರೋಗ ಇರುವವರಲ್ಲಿ ಅದು ಭ್ರಮೆಗಳನ್ನು ಕೆರಳಿಸಬಹುದಾದ್ದರಿಂದ ಇನ್ನೂ ಎಚ್ಚರ ಬೇಕು ಎಂದು ಆಮೇಲೆ ತಿಳಿಯಿತು. ಆದರೆ ದೇಹಕ್ಕಾದ ತೊಂದರೆಗಿಂತ ದೊಡ್ಡದು ಬೇರೆ ಇತ್ತು. ನನ್ನ ತಮ್ಮನ ಕಾಯಿಲೆಯ ಹಳೆಯ ಭ್ರಮೆಗಳಲ್ಲಿ ಒಂದು, ಮನೆಯವರು ಅನ್ನದಲ್ಲಿ ಏನೋ ಬೆರೆಸುತ್ತಾರೆ ಎಂಬುದು. ಹತ್ತು ವರ್ಷ ಅದು ನಿಜವಲ್ಲ ಎಂದು ಅವನ ಎದುರು ಕೂತು, ಅವನ ತಟ್ಟೆಯಿಂದಲೇ ಮೊದಲ ತುತ್ತು ತಿಂದು ನಂಬಿಸಿದ್ದೆ. ಅದನ್ನು ನಾನೇ ನಿಜ ಮಾಡಿದೆ. ಆಮೇಲೆ ಐದು ತಿಂಗಳು ಅವನು ನನ್ನ ಕೈಯ ಅಡುಗೆ ಮುಟ್ಟಲಿಲ್ಲ. ತಾನೇ ಸುಲಿದುಕೊಂಡ ಬಾಳೆಹಣ್ಣು, ಚಿಪ್ಪು ಒಡೆಯದ ಬೇಯಿಸಿದ ಮೊಟ್ಟೆ, ಅಂಗಡಿಯಿಂದ ತಾನೇ ತಂದ ಬನ್ನು, ಇಷ್ಟರಲ್ಲೇ ದಿನ ಕಳೆದ. ನನ್ನ ಕೈಯಿಂದ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಸಂಪಾದಕರೇ, ಈ ಜಾಹೀರಾತುಗಳನ್ನು ಪ್ರಕಟಿಸಬೇಡಿ ಎಂದು ತಮ್ಮನ್ನೂ ಕನ್ನಡದ ಎಲ್ಲ ಪತ್ರಿಕೆಗಳವರನ್ನೂ ಕೈಮುಗಿದು ಕೇಳಿಕೊಳ್ಳುತ್ತೇನೆ. ಆ ಪುಟ್ಟ ಚೌಕದ ಜಾಗದಲ್ಲಿ 14416 ಎಂಬ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆಯನ್ನು ಹಾಕಬಹುದು. 2022ರ ಅಕ್ಟೋಬರ್‌ನಿಂದ ಅದು ಕೆಲಸ ಮಾಡುತ್ತಿದೆ, ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ.

ಇಷ್ಟೆಲ್ಲ ಆದ ಮೇಲೆ ಅವನ ಬದುಕು ತಿರುಗಿದ್ದು ಒಂದು ಪ್ರಶ್ನಾವಳಿಯಿಂದ ಎಂದರೆ ವಿಚಿತ್ರವೆನಿಸಬಹುದು. ಸಮಾಜಕಾರ್ಯ ಓದುತ್ತಿದ್ದ ಒಬ್ಬ ಹುಡುಗಿ ತನ್ನ ಅಧ್ಯಯನಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆಯ ಜೀವನ ಗುಣಮಟ್ಟದ ಪ್ರಶ್ನಾವಳಿ ಹಿಡಿದು ಬಂದಿದ್ದಳು. ಅದರಲ್ಲಿ ಇರುವುದು 26 ಪ್ರಶ್ನೆಗಳು. ದೇಹ, ಮನಸ್ಸು, ಸಂಬಂಧಗಳು, ಸುತ್ತಲಿನ ಪರಿಸರ ಎಂದು ನಾಲ್ಕು ಭಾಗ. ನಿದ್ದೆ ತೃಪ್ತಿಕರವಾಗಿದೆಯೇ, ಅಗತ್ಯಗಳಿಗೆ ಸಾಕಾಗುವಷ್ಟು ಹಣ ಇದೆಯೇ, ಬಿಡುವಿನಲ್ಲಿ ಸಂತೋಷವಾಗಿರಲು ಅವಕಾಶವಿದೆಯೇ, ನಿಮ್ಮ ಬದುಕಿಗೆ ಅರ್ಥವಿದೆ ಎನಿಸುತ್ತದೆಯೇ ಎಂಬಂಥ ಪ್ರಶ್ನೆಗಳು. ಅಷ್ಟು ವರ್ಷ ಅವನನ್ನು ಯಾವ ಆಸ್ಪತ್ರೆಯಲ್ಲಿಯೂ, ನಿಜ ಹೇಳಬೇಕೆಂದರೆ ಮನೆಯಲ್ಲಿಯೂ, ಕೇಳಿದ್ದು ಎರಡೇ ಪ್ರಶ್ನೆ: ಮಾತ್ರೆ ನುಂಗಿದೆಯಾ, ಕುಡಿದು ಬಂದೆಯಾ. ಸ್ನೇಹಿತರಿಂದ ನಿಮಗೆ ಸಿಗುವ ಬೆಂಬಲ ತೃಪ್ತಿ ತಂದಿದೆಯೇ ಎಂದು ಆಕೆ ಕೇಳಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದು, ‘ಯಾವ ಸ್ನೇಹಿತರು ಮೇಡಂ?’ ಎಂದ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ನಾವು ಅಲ್ಲಿಯವರೆಗೆ ಅವನಿಂದ ಕಸಿದುಕೊಳ್ಳಲು ಹೆಣಗಾಡಿದ್ದು ಬೀಡಿಯನ್ನು, ಬಾಟಲಿಯನ್ನು; ಅದರ ಬದಲಿಗೆ ಅವನ ಕೈಗೆ ಏನನ್ನು ಕೊಟ್ಟಿದ್ದೆವು?

ಆ ಹುಡುಗಿಯ ಮೂಲಕವೇ ಪಕ್ಕದ ಜಿಲ್ಲೆಯಲ್ಲಿ ಎರಡೂ ಕಾಯಿಲೆಗಳನ್ನು ಒಟ್ಟಿಗೆ ನೋಡುವ ಒಬ್ಬ ಮನೋವೈದ್ಯರ ಪರಿಚಯವಾಯಿತು. ಅವರು ಮಾತ್ರೆಗಳ ಬದಲು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಆರಂಭಿಸಿದರು. ಊಟದ ಜೊತೆ ಮಾತ್ರೆಯ ಜಗಳ ಅಲ್ಲಿಗೆ ಮುಗಿಯಿತು. ಕುಡಿತ ನಿಲ್ಲಿಸುವಾಗ ಹತ್ತು ದಿನ ತಮ್ಮ ಕಣ್ಣೆದುರೇ ಇರಿಸಿಕೊಂಡರು. ಮತ್ತೆ ಕುಡಿದು ಹೋದ ದಿನ ಹೊರಗೆ ಕಳುಹಿಸಲಿಲ್ಲ, ‘ನಿನ್ನೆ ಏನಾಯ್ತಪ್ಪಾ?’ ಎಂದು ಕೇಳಿದರು, ಉತ್ತರವನ್ನು ಬರೆದುಕೊಂಡರು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಸಂಗಡಿಗರು ದಶಕಗಳ ಹಿಂದೆಯೇ ಇದೇ ದಾರಿಯನ್ನು ರೂಪಿಸಿದ್ದರು ಎಂದು ಅವರೇ ಹೇಳಿದರು: ಎರಡಕ್ಕೂ ಒಂದೇ ತಂಡ, ಒಂದೇ ಕಡತ, ರೋಗಿ ಸಿದ್ಧನಿರುವ ಹೆಜ್ಜೆಯಿಂದ ಆರಂಭ, ಜೊತೆಗೆ ಮನೆ ಮತ್ತು ಕೆಲಸಕ್ಕೆ ನೆರವು. ಕೆಲಸವನ್ನೂ ಅವರೇ ಒತ್ತಾಯಿಸಿದರು. ಪರಿಚಯದವರ ಅಡಿಕೆ ಸಸಿಗಳ ನರ್ಸರಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ಗೊಬ್ಬರ ತುಂಬುವ ಕೆಲಸ. ಮೊದಲ ವಾರದ ಕೂಲಿಯಲ್ಲಿ ಅವನು ತನಗೊಂದು ಬಾಚಣಿಗೆ ಕೊಂಡು ತಂದ.

ನನ್ನ ತಮ್ಮ ಗುಣವಾಗಿದ್ದಾನೆ ಎಂದು ನಾನು ಹೇಳುತ್ತಿಲ್ಲ. ಧ್ವನಿಗಳು ಈಗಲೂ ಅಪರೂಪಕ್ಕೆ ಬರುತ್ತವೆ. ತಿಂಗಳಿಗೆ ಒಂದೆರಡು ಸಲ ಕುಡಿಯುತ್ತಾನೆ. ಬೀಡಿ ದಿನಕ್ಕೆ ಹತ್ತು. ತೀವ್ರ ಮನೋರೋಗ ಇರುವವರು ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಗಳಿಂದ ಉಳಿದವರಿಗಿಂತ ಬೇಗ ಸಾಯುತ್ತಾರೆ, ಅದರಲ್ಲಿ ತಂಬಾಕಿನ ಪಾಲು ದೊಡ್ಡದು ಎಂಬುದು ತಿಳಿದಿರುವುದರಿಂದ ಆ ಹತ್ತರ ಬಗ್ಗೆಯೂ ನನಗೆ ಭಯವಿದೆ. ಆದರೂ ರಾತ್ರಿ ನಿದ್ದೆ ಮಾಡುತ್ತಾನೆ, ನರ್ಸರಿಯವರ ಜೊತೆ ಚಹಾ ಕುಡಿಯುತ್ತಾನೆ, ನಾನು ಬಡಿಸಿದ್ದನ್ನು ಉಣ್ಣುತ್ತಾನೆ. ಕುಡಿತ ಸೊನ್ನೆಯಾಗದ ಹೊರತು ಚಿಕಿತ್ಸೆ ಸೋತಿತು ಎನ್ನುವ ಅಳತೆಗೋಲಿನಲ್ಲಿ ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಆ ಅಳತೆಗೋಲು ಬದಲಾಗಬೇಕು.

ನಮ್ಮ ರಾಜ್ಯಕ್ಕೆ ಇದು ಆಗದ ಕೆಲಸವೇನಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿ ಸಿಕ್ಕಿದ್ದು 1980ರ ದಶಕದ ಬಳ್ಳಾರಿಯಲ್ಲಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನವರು 2005ರಿಂದ ಸ್ಕಿಜೋಫ್ರೀನಿಯಾ ರೋಗಿಗಳನ್ನು ಹಳ್ಳಿಹಳ್ಳಿಗಳಲ್ಲಿ ಹುಡುಕಿ, ಊರಿನ ಹತ್ತಿರದಲ್ಲಿಯೇ ಚಿಕಿತ್ಸೆ ಮುಂದುವರಿಯುವಂತೆ ನೋಡಿಕೊಂಡಾಗ, ಅವರ ದಿನನಿತ್ಯದ ಬದುಕಿನ ಶಕ್ತಿ ಸುಧಾರಿಸಿದ್ದನ್ನು ದಾಖಲಿಸಿದ್ದಾರೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುತ್ತಾರೆ. ಆ ಮಂಗಳವಾರದ ಕೊಠಡಿಯಲ್ಲಿಯೇ, ಅದೇ ಚೀಟಿಯ ಮೇಲೆ, ಕುಡಿತ ಮತ್ತು ತಂಬಾಕಿನ ಚಿಕಿತ್ಸೆಯೂ ಆಗಲಿ. ಅದಕ್ಕೆ ತರಬೇತಾದ ಒಬ್ಬ ಆಪ್ತಸಮಾಲೋಚಕರನ್ನು ಕೊಡಲಿ. ತಿಂಗಳ ಇಂಜೆಕ್ಷನ್‌ಗಳು ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗಲಿ. ‘ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ’ ಎಂಬ ಒಂದು ಮಾತು ಆರು ತಿಂಗಳ ಶ್ರಮವನ್ನು ತೊಳೆದು ಹಾಕುತ್ತದೆ. 2025–26ರ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಅದರಲ್ಲಿ ನನ್ನ ತಮ್ಮ ಕೊಂಡ 90 ಎಂ.ಎಲ್. ಪ್ಯಾಕೆಟ್‌ಗಳ ತೆರಿಗೆಯೂ ಸೇರಿದೆ. ಕುಡಿತದಿಂದ ನೊಂದವರ ಚಿಕಿತ್ಸೆಗೆ ಅದರಲ್ಲೊಂದು ಪಾಲನ್ನು ಮೀಸಲಿಡಿ ಎಂದು ಕೇಳುವುದು ಭಿಕ್ಷೆಯಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಪ್ರಮಾಣಪತ್ರಕ್ಕೆ ನೋಡಬೇಕಾದದ್ದು ಸ್ವಂತ ಆರೈಕೆ, ಜನರೊಡನೆ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸದ ಸಾಮರ್ಥ್ಯ, ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದನ್ನು. ಹೀಗಿದ್ದೂ, ಕುಡಿಯುತ್ತಾನೆ ಎಂಬ ಒಂದೇ ಕಾರಣಕ್ಕೆ ನಮ್ಮ ಅರ್ಜಿಯನ್ನು ಮೂರು ಸಲ ಪಕ್ಕಕ್ಕಿಟ್ಟರು. ಪುನರ್ವಸತಿ ಮನೆಗಳದೂ ಇದೇ ಕಥೆ. ನನಗೀಗ 61. ನನ್ನ ನಂತರ ಇವನು ಎಲ್ಲಿರಬೇಕು ಎಂದು ಕಳೆದ ವರ್ಷ ಏಳು ಕಡೆ ಫೋನ್ ಮಾಡಿ ವಿಚಾರಿಸಿದೆ. ಏಳೂ ಕಡೆ ಎರಡನೆಯ ಪ್ರಶ್ನೆ ‘ಕುಡಿತ ಇದೆಯಾ?’ ಎಂದೇ ಇತ್ತು. ಹೌದು ಎಂದ ಮೇಲೆ ಮೂರನೆಯ ಪ್ರಶ್ನೆ ಬರಲಿಲ್ಲ. ಇಂಥವರನ್ನೂ ಸೇರಿಸಿಕೊಳ್ಳುವ, ಒಮ್ಮೆ ಜಾರಿದರೆ ಹೊರಹಾಕದ ಒಂದು ಮನೆಯನ್ನಾದರೂ ಪ್ರತಿ ಜಿಲ್ಲೆಯಲ್ಲಿ ಸರ್ಕಾರ ನಡೆಸಬೇಕು ಅಥವಾ ನಡೆಸುವವರಿಗೆ ನೆರವು ಕೊಡಬೇಕು. ಜೂನ್ 26ರ ಸಭೆಯಲ್ಲಿ ಜಿಲ್ಲಾಡಳಿತದವರು ಈ ಬಗ್ಗೆ ಏನಾದರೂ ಹೇಳುತ್ತಾರೆಯೇ ಎಂದು ತಮ್ಮ ವರದಿಗಾರರು ದಯಮಾಡಿ ಕೇಳಲಿ.

ಈ ಪತ್ರವನ್ನು ತಮ್ಮನ ಒಪ್ಪಿಗೆ ಪಡೆದೇ ಕಳುಹಿಸುತ್ತಿದ್ದೇನೆ. ನಿನ್ನೆ ಸಂಜೆ ಜಗಲಿಯಲ್ಲಿ ಕೂತು ಇಡೀ ಕರಡನ್ನು ತಾನೇ ಓದಿದ. ಎರಡು ಕಡೆ ಒತ್ತಕ್ಷರ ತಿದ್ದಿದ. ಪುಡಿಯ ವಿಷಯ ಬಂದ ಪುಟವನ್ನು ಎರಡು ಸಲ ಓದಿದ, ಏನನ್ನೂ ಹೇಳಲಿಲ್ಲ. ಬೀಡಿ ಎಂಟು ಎಂದು ನಾನು ಬರೆದಿದ್ದೆ; ಅದನ್ನು ಹೊಡೆದು ಹತ್ತು ಎಂದು ಬರೆದು ಹಿಂದಕ್ಕೆ ಕೊಟ್ಟ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ
(ತಮ್ಮನ ಹಿತದೃಷ್ಟಿಯಿಂದ ಹೆಸರು ಮತ್ತು ಊರನ್ನು ಪ್ರಕಟಿಸಬಾರದೆಂದು ವಿನಂತಿ)